ಅರ್ಧ ಹೆಣೆದ ಜಡೆ

ರುಕ್ಮಿಣಮ್ಮ ಬಾಚಣಿಗೆ, ಎಣ್ಣೆ ಬಟ್ಟಲು ಹಿಡಿದು ನಡುಮನೆಯ ಹೊಸಿಲಿಗೆ ಬಂದಾಗ ಮಗಳು ಶಿಲ್ಪಶ್ರೀಯ ಜಡೆ ಆಗಲೇ ಅರ್ಧ ಹೆಣೆದಾಗಿತ್ತು. ಹೆಣೆಯುತ್ತಿದ್ದವಳು ಓರಗಿತ್ತಿ ಸುಜಾತ. ಮೈದುನನ ಕೈಹಿಡಿದು ಕಣಕಟ್ಟೆಯ ಈ ಮನೆಗೆ ಬಂದು ಇನ್ನೂ ಮೂರು ತಿಂಗಳಾಗಿಲ್ಲ. ಅರಸೀಕೆರೆಯಲ್ಲಿ ಬಿ.ಎ. ಓದಿದವಳೆಂದು, ಶಿಲ್ಪಶ್ರೀಯ ಏಳನೇ ಕ್ಲಾಸಿನ ಪಬ್ಲಿಕ್ ಪರೀಕ್ಷೆಗೆ ಇಂಗ್ಲಿಷ್ ಹೇಳಿಕೊಡುವ ಕೆಲಸವನ್ನು ಮನೆಯವರು ಅವಳಿಗೆ ಒಪ್ಪಿಸಿದ್ದರು. ಜಡೆಯನ್ನು ಯಾರೂ ಒಪ್ಪಿಸಿರಲಿಲ್ಲ.

“ಇನ್ವೇಷನ್ ಅಂದ್ರೆ ದಾಳಿ ಅಂತ ಮೇಷ್ಟ್ರು ಬರೆಸವ್ರೆ ಚಿಕ್ಕಮ್ಮ. ಆ ಪದ ಎಲ್ಲಿಂದ ಬಂತು?”

“ಲ್ಯಾಟಿನ್ ಅಂತ ಒಂದು ಹಳೇ ಭಾಷೆ ಕಣೇ. ಅದರಲ್ಲಿ ಮೂಲಕ್ಕೆ ಹೋದ್ರೆ ಒಳಕ್ಕೆ ನಡೆಯೋದು ಅಂತಷ್ಟೇ. ಅದೇ ಬೆಳೀತಾ ದಾಳಿ ಅಂತ ಆಯ್ತು.”

“ಕತ್ತಿ, ಕುದುರೆ ಏನೂ ಬೇಡ್ವಾ?”

“ಬೇಡ. ಕಾಲಿದ್ರೆ ಸಾಕು.”

ಇಬ್ಬರೂ ನಕ್ಕರು.

ರುಕ್ಮಿಣಮ್ಮ ಹೊಸಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಹೌದು, ಇವಳೂ ಹಾಗೇ ನಡೆದು ಬಂದವಳು. ಬಲಗಾಲಲ್ಲಿ ಒದ್ದು ಬರಲೆಂದು ಹೊಸಿಲ ಮೇಲೆ ಅಕ್ಕಿ ಸೇರು ಇಟ್ಟು ಕರೆದದ್ದು ಸ್ವತಃ ರುಕ್ಮಿಣಮ್ಮನೇ. ಮೊದಲು ಬೆಳಗಿನ ಕಾಫಿ ಕಾಸುವುದು ಕೈತಪ್ಪಿತು, ಆಮೇಲೆ ಪಾಠ, ಈಗ ಜಡೆ.

ಅವಳು ದಡದಡನೆ ಒಳಗೆ ನುಗ್ಗಿ, “ಬಿಡು, ನನ್ ಮಗಳ ತಲೆ ನಾನು ಬಾಚ್ತೀನಿ” ಎಂದು ಜಡೆಗೆ ಕೈಹಾಕಿದಳು.

“ಬಾಚಿ ಅಕ್ಕ” ಎಂದು ಸುಜಾತ ಕೈಬಿಟ್ಟಳು.

ಶಿಲ್ಪಶ್ರೀ ಮಾತ್ರ ಎರಡೂ ಕೈಯಲ್ಲಿ ಜಡೆಯನ್ನು ಬಿಗಿಯಾಗಿ ಹಿಡಿದು, ಅವ್ವನ ಕಾಲುಗಳನ್ನೇ ನೋಡುತ್ತಾ, ಚಿಕ್ಕಮ್ಮನ ಬೆನ್ನ ಹಿಂದೆ ಸರಿದಳು.