ಎಲ್ಲ ಸೇರಿ, ಏನೂ ಸೇರದೆ

ಪ್ರವಾಸಿ ಹಡಗಿನ ಊಟದ ಕೋಣೆಯಲ್ಲಿ ಕಿತ್ತಳೆ ರಸದ ಲೋಟ ಹಿಡಿದು ಬಂದ ಪರಿಚಾರಕನನ್ನು ಡ್ರೈವಿಂಗ್ ಮೇಷ್ಟ್ರು ಅಂಗೈ ಎತ್ತಿ ನಿಲ್ಲಿಸಿದರು. ಜೀವಮಾನವೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿದವರು. ಕೈಯಲ್ಲೂ ಬ್ರೇಕ್ ಇತ್ತು.

"ಬೇಡ."

"ತಗೊಳ್ಳಿ ಸರ್, ಪರವಾಗಿಲ್ಲ."

"ನಿಮ್ಮ 'ಪರವಾಗಿಲ್ಲ' ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ನನಗೆ ಗೊತ್ತಪ್ಪಾ."

ಪರಿಚಾರಕ ಪಾಪ, ಪೆಚ್ಚಾಗಿ ನಿಂತ. ಎದುರು ಕೂತಿದ್ದ ಷಡ್ಡಕ ಆ ಲೋಟವನ್ನೂ ತನ್ನತ್ತ ಎಳೆದುಕೊಂಡ. ಅವನ ಮುಂದೆ ಆಗಲೇ ಮೂರು ತಟ್ಟೆಗಳಿದ್ದವು.

"ಮೇಷ್ಟ್ರೇ, ಎಲ್ಲ ಸೇರಿದ ಟಿಕೆಟ್ಟು ತಗೋಬೇಕು. ತಿಂದಷ್ಟೂ ಲಾಭ" ಎಂದ, ಬಾಯಿ ತುಂಬಿಕೊಂಡೇ.

"ಲಾಭ ಹಡಗಿನವನಿಗೆ. ಮೊದಲೇ ವಸೂಲಿ ಮಾಡಿ, ಆಮೇಲೆ ಬಿಟ್ಟಿ ಅಂತ ಬಡಿಸ್ತಾನೆ" ಎಂದರು ಮೇಷ್ಟ್ರು, ಮನೆಯಿಂದ ತಂದ ಬಾಟಲಿಯ ನೀರು ಗುಟುಕರಿಸುತ್ತ.

ಈ ಜಗಳ ಹಡಗಿನಲ್ಲಿ ಹುಟ್ಟಿದ್ದಲ್ಲ. ಅಕ್ಕತಂಗಿಯರನ್ನು ಮದುವೆಯಾದಂದಿನಿಂದ ಮೇಷ್ಟ್ರಿಗೂ ಔಷಧಿ ಅಂಗಡಿಯ ಷಡ್ಡಕನಿಗೂ ಇದೇ ಕಸುಬು. ಫ್ರಿಜ್ಜಿನಿಂದ ಹಿಡಿದು ಮಕ್ಕಳ ಶಾಲೆಯವರೆಗೆ, ಯಾರು ಜಾಣ, ಯಾರು ಮೋಸಹೋದವನು? ಹಬ್ಬಹುಣ್ಣಿಮೆ ಇರಲಿ, ಅತ್ತೆಯ ತಿಥಿಯ ದಿನವೂ ಇಬ್ಬರೂ ಇನ್ವರ್ಟರ್ ಬ್ಯಾಟರಿಯ ಬಗ್ಗೆ ಹೋರಾಡಿದ್ದರು. ತಾಯಿಯ ಫೋಟೋ ಮುಂದೆ ಕೂತಿದ್ದ ಅಕ್ಕತಂಗಿಯರು ಅಂದು ಒಬ್ಬರ ಮುಖ ಒಬ್ಬರು ನೋಡಿಕೊಂಡು ಎದ್ದು ಹೋಗಿದ್ದರು.

ಈ ಪ್ರವಾಸದ ಏರ್ಪಾಡೆಲ್ಲ ಆ ಅಕ್ಕತಂಗಿಯರದೇ. ಹೊರಡುವ ಮುನ್ನ ಹೆಂಡತಿ ಮೇಷ್ಟ್ರಿಗೆ ಸ್ಪಷ್ಟವಾಗಿ ಹೇಳಿದ್ದಳು: "ನೋಡಿ, ನೀವು ಹೇಳಿದ ಹಾಗೆ ಅತಿ ಅಗ್ಗದ್ದೇ ತಗೊಂಡಿದ್ದೀನಿ. ರೂಮು, ಹಾಸಿಗೆ, ಅಷ್ಟೇ. ಬೇರೆ ಏನು ಮುಟ್ಟಿದ್ರೂ ಚಾರ್ಜು."

ಮೇಷ್ಟ್ರು ಮುಟ್ಟಲಿಲ್ಲ. ಕೋಣೆಯ ಪುಟ್ಟ ಫ್ರಿಜ್ಜಿನ ಮೇಲೆ ಟವೆಲ್ ಹೊದಿಸಿದರು, ಕೈ ತಪ್ಪಿ ತೆರೆದೀತೆಂದು. ಸೂಟ್‌ಕೇಸಿನ ತುಂಬ ಬಿಸ್ಕತ್ತು, ಕಡಲೆಕಾಯಿ. ಡೆಕ್ಕಿನಲ್ಲಿ ಸಾಲಾಗಿ ಹಾಸಿದ ಆರಾಮಕುರ್ಚಿಗಳಿಗೂ ಬಾಡಿಗೆಯಿದ್ದೀತೆಂದು ಸಮುದ್ರವನ್ನು ನಿಂತೇ ನೋಡಿದರು. ಕಾಲು ನೋಯತೊಡಗಿದಾಗ ಸಮುದ್ರ ಎಲ್ಲ ಕಡೆಯೂ ಒಂದೇ ಥರ ಇದೆ ಎಂದು ತೀರ್ಮಾನಿಸಿ ಕೋಣೆಗೆ ಮರಳಿದರು.

ಅವರಿಗೆ ಹೆಮ್ಮೆಯಿದ್ದದ್ದು ಹೆಂಡತಿಯ ಮೇಲೆ. ಬಿಸ್ಕತ್ತು ನೀಡಿದರೆ, "ನೀವು ತಿನ್ನಿ. ನನಗೆ ಹಡಗಿನಲ್ಲಿ ಬಿಸ್ಕತ್ತು ಸೇರ್ತಿಲ್ಲ" ಅನ್ನುವಳು. ಗಾಳಿಗೆ ಕಾಸಿಲ್ಲವಲ್ಲ ಎಂದು ಅಕ್ಕನ ಜೊತೆ ಮೇಲಿನ ಡೆಕ್ಕಿಗೆ ಹೋಗುವಳು. ಒದ್ದೆ ಕೂದಲಲ್ಲಿ ಮರಳುವಳು. "ಅಲೆ ಎರಚಿತು" ಅನ್ನುವಳು. ಉಪವಾಸದಲ್ಲೂ ಮುಖದಲ್ಲಿ ಎಂಥ ಕಳೆ! ಇಂಥ ಹೆಂಡತಿ ಆ ದುಂದುಗಾರ ಷಡ್ಡಕನಿಗೆ ಸಿಕ್ಕಿದ್ದರೆ ವ್ಯರ್ಥವಾಗುತ್ತಿತ್ತು.

ಒಮ್ಮೆ ಕಾರಿಡಾರಿನಲ್ಲಿ ಬಿಳಿ ಕೋಟಿನ ಪರಿಚಾರಕನೊಬ್ಬ ಅವಳಿಗೆ ತಲೆಬಾಗಿ, "ನಿಮ್ಮ ಮಾಮೂಲಿ ಜಾಗ ಇಟ್ಟಿದ್ದೀನಿ ಅಮ್ಮಾ" ಎಂದ.

"ಯಾರೋ ಅಂದ್ಕೊಂಡಿರಬೇಕು" ಎಂದಳು ಹೆಂಡತಿ.

"ಗಾಳ ಹಾಕ್ತಾರೆ. ಕಚ್ಚಬೇಡ" ಎಂದರು ಮೇಷ್ಟ್ರು.

"ಛೆ, ನಾನ್ಯಾಕೆ ಕಚ್ಚಲಿ?"

ಪ್ರವಾಸ ಅರ್ಧ ಮುಗಿಯುವ ಹೊತ್ತಿಗೆ ಮೇಷ್ಟ್ರ ಬೆಲ್ಟಿಗೆ ಹೊಸ ತೂತು ಬೇಕಾಯಿತು. ಒಂದು ಮಧ್ಯಾಹ್ನ ಕೇಕಿನ ಮೇಜಿನ ಮುಂದೆ ಕಾಲು ತಾನಾಗಿ ನಿಂತಿತು. ಕೈ ಚಾಚಿತು. ಪರಿಚಾರಕ ನಕ್ಕ. ಆ ನಗು ನೋಡಿದ್ದೇ ತಡ, ಮೇಷ್ಟ್ರು ಬೆಂಕಿ ಮುಟ್ಟಿದವರಂತೆ ಕೈ ಹಿಂದೆಗೆದು ಕೋಣೆಗೆ ಓಡಿದರು. ಗೋಡೆಗೆ ಮುಖ ಮಾಡಿ ಮೆತ್ತಗಾದ ಬಿಸ್ಕತ್ತು ತಿಂದರು. ಮೇಲಿನ ಡೆಕ್ಕಿನಿಂದ ಅಕ್ಕತಂಗಿಯರ ನಗು ಕೇಳಿಸಿತು. ಇಷ್ಟು ದೊಡ್ಡದಾಗಿ ನಗಲು ಇವಳಿಗೆ ಬರುತ್ತದೆಂದೇ ಅವರಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಹೋಗಿ ಜೊತೆಗೆ ಕೂರಬೇಕೆನಿಸಿತು. ಕುರ್ಚಿಯ ಬಾಡಿಗೆ ನೆನಪಾಯಿತು.

ಅದೇ ಸಂಜೆ ಸಿಹಿಸುದ್ದಿ ಬಂತು. ಷಡ್ಡಕ ಹಾಸಿಗೆ ಹಿಡಿದಿದ್ದ. ಮೀನು, ಐಸ್‌ಕ್ರೀಮು, ಮತ್ತೆ ಮೀನು, ಎಲ್ಲವೂ ಹೊಟ್ಟೆಯಲ್ಲಿ ಒಂದಕ್ಕೊಂದು ಹೊಂದದೆ ದಂಗೆಯೆದ್ದಿದ್ದವು. ಮೇಷ್ಟ್ರು ಸಂಭ್ರಮದಿಂದ ನೋಡಲು ಹೋದರು.

"ಲಾಭ ಹೇಗಿದೆ?" ಎಂದು ಕೇಳಿದರು.

"ಬಿಡೋಕಾಗುತ್ತಾ ಮೇಷ್ಟ್ರೇ?" ಷಡ್ಡಕ ನರಳಿದ. "ಊಟದ ಕೋಣೆ ಬಿಟ್ಟು ಕದಲಬೇಡಿ, ಒಂದು ತುತ್ತು ಬಿಟ್ಟರೂ ನಷ್ಟ ಅಂದಿದ್ದಾಳೆ ನಿಮ್ಮತ್ತಿಗೆ."

ಅಲ್ಲಿಂದ ಕೊನೆಯವರೆಗೂ ಒಬ್ಬರು ಹಸಿವಿನಿಂದ, ಒಬ್ಬರು ಅಜೀರ್ಣದಿಂದ ಕೋಣೆ ಬಿಡಲಿಲ್ಲ.

ದಡ ಸೇರಿದ ಬೆಳಿಗ್ಗೆ ಮೇಷ್ಟ್ರು ಗೋಡೆ ಹಿಡಿದುಕೊಂಡೇ, ಆದರೆ ಎದೆಯುಬ್ಬಿಸಿ, ನಿರ್ಗಮನದ ಕೌಂಟರಿಗೆ ಬಂದರು. ಹಿಂದೆ ಹೊಟ್ಟೆ ಹಿಡಿದ ಷಡ್ಡಕ. ಅವನ ಹಿಂದೆ ಬಿಸಿಲಿಗೆ ಹೊಳೆಯುತ್ತಿದ್ದ ಅಕ್ಕತಂಗಿಯರು.

"ಸ್ವಲ್ಪ ಜೋರಾಗಿ ಹೇಳಮ್ಮಾ, ಇವನಿಗೂ ಕೇಳಿಸಲಿ" ಎಂದರು ಮೇಷ್ಟ್ರು. "ನನ್ನ ಬಾಕಿ ಎಷ್ಟು?"

"ಏನೂ ಇಲ್ಲ ಸರ್."

"ಕೇಳಿಸ್ತಾ? ನಾನು ಏನೂ ಮುಟ್ಟಿಲ್ಲ!"

"ಮುಟ್ಟಿದ್ರೂ ಇರ್ತಿರಲಿಲ್ಲ ಸರ್" ಎಂದಳು ಕೌಂಟರಿನ ಹುಡುಗಿ. "ನಿಮ್ಮದು ಎಲ್ಲ ಸೇರಿದ ಟಿಕೆಟ್ಟು. ಇವರದ್ದೂ ಅದೇ. ಈ ಹಡಗಿನಲ್ಲಿ ಬೇರೆ ಥರದ ಟಿಕೆಟ್ಟೇ ಇಲ್ಲವಲ್ಲ!"

ಮೇಷ್ಟ್ರು ನಿಧಾನವಾಗಿ ಹಿಂದಕ್ಕೆ ತಿರುಗಿದರು. ಷಡ್ಡಕನೂ ತಿರುಗಿದ. ಷಡ್ಡಕರಾದಂದಿನಿಂದ ಮೊದಲ ಸಲ ಇಬ್ಬರ ಮುಖದಲ್ಲೂ ಒಂದೇ ಪ್ರಶ್ನೆಯಿತ್ತು.

"ಅಕ್ಕ ಭಾವನಿಗೆ ಎಲ್ಲ ಸೇರಿದೆ ಅಂದ್ಲು, ನಾನು ನಿಮಗೆ ಏನೂ ಸೇರಿಲ್ಲ ಅಂದೆ" ಎಂದಳು ಹೆಂಡತಿ, ಅಕ್ಕನ ತೋಳಿಗೆ ತೋಳು ಸೇರಿಸುತ್ತ. "ನಮಗೆ ಬೇಕಾಗಿದ್ದು ಒಂದೇ ಕಣ್ರೀ, ನೀವಿಬ್ಬರೂ ಸೇರದ ಒಂದು ಪ್ರವಾಸ."