ಆಳೆತ್ತರದ ಗುರಿ

ಹವಾಲ್ದಾರ್ ಶಿದ್ಲಿಂಗಪ್ಪ ನೆಲಕ್ಕೆ ಬೋರಲು ಮಲಗಿ, ಎಡಗಣ್ಣು ಮುಚ್ಚಿ, ಇನ್ನೇನು ಗುಂಡು ಹಾರಿಸಬೇಕು ಎನ್ನುವಷ್ಟರಲ್ಲಿ ಮೈಲಾರವ್ವ ತಲೆಯ ಮೇಲಿನ ರೊಟ್ಟಿ ಬುಟ್ಟಿಯ ಸಮೇತ ಹೋಗಿ ಗುರಿಹಲಗೆಯ ಮುಂದೆ ನಿಂತಳು.

"ಏ ಮೈಲಾರವ್ವ! ಸಾಯಾಕ ಬಂದೀ ಏನ? ಬಾಜೂಕ ಸರಿ!" ಎಂದು ಶಿದ್ಲಿಂಗಪ್ಪ ಕೂಗಿದ. ಅವಳು ಸರಿಯಲಿಲ್ಲ. ಅವನು ರೈಫಲ್ಲಿನಿಂದ ಗುಂಡು ತೆಗೆದು, ಅಂಗಿಗೆ ಹತ್ತಿದ ಮಣ್ಣು ಝಾಡಿಸಿಕೊಂಡು ಹಲಗೆಯ ಕಡೆ ನಡೆದ. ಅವನ ಹಿಂದೆ ತಿರ್ಲಾಪುರದ ಹನಮಂತಪ್ಪ, ಹನಮಂತಪ್ಪನ ಹಿಂದೆ ಬಡಿಗ ಹುಚ್ಚಪ್ಪ. ಹುಚ್ಚಪ್ಪ ಮೈಲಾರವ್ವನ ಗಂಡ; ಆದ್ದರಿಂದಲೇ ಎಲ್ಲರಿಗಿಂತ ಹಿಂದೆ.

ಕುಬಿಹಾಳದ ಶಿದ್ಲಿಂಗಪ್ಪ, ತಿರ್ಲಾಪುರದ ಹನಮಂತಪ್ಪ ಒಂದೇ ಪಲ್ಟಣಿನಲ್ಲಿ ಹದಿನೇಳು ವರ್ಷ ಇದ್ದು, ಎಂಬತ್ತನೇ ಇಸವಿಯಲ್ಲಿ ಒಟ್ಟಿಗೇ ಪೆನ್ಶನ್ ಮೇಲೆ ಊರಿಗೆ ಬಂದವರು. ಇಬ್ಬರಲ್ಲಿ ಯಾರ ಗುರಿ ಚಲೋ ಎಂಬ ವಾದಕ್ಕೆ ಮಾತ್ರ ಪೆನ್ಶನ್ ಆಗಿರಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ, ಇವತ್ತು ಅದನ್ನು ಮುಗಿಸಿಯೇ ಬಿಡೋಣವೆಂದು ಊರಾಚೆಯ ಗರಸಿನ ಗುಂಡಿಯಲ್ಲಿ ಕೂಡಿದ್ದರು. ಗುರಿಹಲಗೆ ಮಾಡಿಕೊಟ್ಟವನು ಹುಚ್ಚಪ್ಪ. ಚಹಾ ಪೆಟ್ಟಿಗೆ ಬಿಚ್ಚಿ, ತೆಳು ಹಲಗೆಗೆ ಸುಣ್ಣ ಬಳಿದು, ಪರಾತ ಇಟ್ಟು ದೊಡ್ಡ ಸುತ್ತು, ಗಂಗಾಳ ಇಟ್ಟು ಅದರೊಳಗೊಂದು ಸುತ್ತು, ಬಳೆ ಇಟ್ಟು ನಟ್ಟನಡುವಿನ ಸುತ್ತು ಬರೆದಿದ್ದ. ಬೆಳಗಿನಿಂದ ಈ ದುಂಡು ಗುರಿಗಳಿಗೆ ಹೊಡೆದು ಹೊಡೆದು ಇಬ್ಬರೂ ಸಮಸಮ ಆಗಿದ್ದರು. ಉಳಿದದ್ದು ಒಂದೇ, ಮಿಲಿಟರಿಯಲ್ಲಿ ಇರುವಂಥದ್ದು, ಮನುಷ್ಯನ ಆಕಾರದ ಹಲಗೆ. ಇದರಲ್ಲಿ ಗೆದ್ದವನೇ ಗೆದ್ದ ಹಾಗೆ.

"ಇದು ಇವರು," ಎಂದಳು ಮೈಲಾರವ್ವ, ಗಂಡನ ಕಡೆ ಗದ್ದ ತಿರುಗಿಸಿ. "ಎಡಗಡೆ ಭುಜ ಇಳದೈತಿ ನೋಡ್ರಿ. ಕುತಗಿ ಗಿಡ್ಡ. ನಿನ್ನಿ ಹಲಗಿ ಮ್ಯಾಲೆ ಅಂಗಾತ ಮಕ್ಕೊಂಡು, ಸುತ್ತ ಇದ್ದಲೀಲೆ ಗೆರಿ ಹೊಡಿ ಅಂದ್ರು. ಯಾಕ ಅಂದ್ರ, ಸಾಹೇಬ್ರ ಕೆಲಸ ಅಂದ್ರು. ನನ್ನ ಕೈಲೇನ ಬರದೀನ್ರಿ."

ಶಿದ್ಲಿಂಗಪ್ಪ ಹುಚ್ಚಪ್ಪನ ಕಡೆ ತಿರುಗಿದ. "ಅಳತಿ ಚೀಟಿ ಬರದು ಕೊಟ್ಟಿದ್ನಲ್ಲೋ?"

"ಅಂಗಿ ಕಿಸೇದಾಗ ಇತ್ರಿ. ಅಂಗಿ ಒಗ್ಯಾಕ ಹೋತು. ಮನುಷ್ಯಾನ ಅಳತಿ ಅಂದ್ರ ಮನುಷ್ಯಾನ ಅಳತೀನ ಅಲ್ರೀ ಅಂತ..." ಎಂದು ಹೇಳಿ ಹುಚ್ಚಪ್ಪ ಹೆಂಡತಿಯ ಮೇಲೆ ರೇಗಿದ. "ಏ, ಮಂದ್ಯಾಗ ಮರ್ಯಾದಿ ತಗೀಬ್ಯಾಡ. ನಡಿ ಮನಿಗೆ."

"ನೀವು ಸುಮ್ಮನಿರ್ರಿ. ಎದಿ ಮ್ಯಾಲೆ ಮಸಿ ಯಾರ ಹಚ್ಚಿದ್ರು?"

ಹಚ್ಚಿದವನೂ ಅವನೇ. ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ, ಹೃದಯ ಇರುವ ಜಾಗವನ್ನು ತನ್ನ ಎದೆ ಮುಟ್ಟಿ ನೋಡಿಕೊಂಡೇ ಹಚ್ಚಿದ್ದ. ಮೈಲಾರವ್ವನಿಗೆ ಸಿಟ್ಟು ಬಂದಿತ್ತು, ಹಲಗೆಗೆ ಬಿದ್ದ ಗುಂಡು ಗಂಡನಿಗೇ ತಾಗೀತೆಂಬ ಹೆದರಿಕೆಯೂ ಆಗಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಆ ಗೆರೆ ತನ್ನ ಕೈಯದೇ ಎಂಬುದು ಅವಳನ್ನು ಸುಡುತ್ತಿತ್ತು.

ಹನಮಂತಪ್ಪ ರಾಜಿಗೆ ಬಂದ. "ಭುಜ ಸರಿ ಮಾಡಿದ್ರ ಮುಗೀತಲ್ಲ ತಂಗಿ. ಆಮ್ಯಾಲೆ ಇದು ಯಾರೂ ಅಲ್ಲ. ಬರೇ ಹಲಗಿ."

ಹುಚ್ಚಪ್ಪ ಗರಗಸ ತಂದು ಬಲಭುಜವನ್ನು ಎಡಭುಜದ ಮಟ್ಟಕ್ಕೆ ಕೊಯ್ದ. ಮೈಲಾರವ್ವ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದಳು.

"ಈಗ ನಮ್ಮ ಮೈದುನ ಆದ," ಎಂದಳು.

ಹನಮಂತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಶಿದ್ಲಿಂಗಪ್ಪ ನಗಲಿಲ್ಲ, ಹೊತ್ತು ಏರುತ್ತಿತ್ತು, ಗೆಲುವು ಕೈಗೆ ಬಂದಂತೆ ಬಂದು ನಿಂತಿತ್ತು. "ಕುತಗೀನೂ ಸಣ್ಣ ಮಾಡೋ," ಎಂದ. ಹುಚ್ಚಪ್ಪ ಕುತ್ತಿಗೆಯ ಎರಡೂ ಬದಿ ಕೊಯ್ದು, ಹೊಟ್ಟು ಊದಿ, ತಲೆ ಎತ್ತಿ ನೋಡಿದ. ನೋಡಿದವನು ಗರಗಸವನ್ನು ಮೆಲ್ಲಗೆ ನೆಲಕ್ಕಿಟ್ಟ.

"ಸಾಹೇಬ್ರ, ಇದು ನಮ್ಮಪ್ಪ ಆತ್ರಿ."

"ಗಂಡ ಹೆಂಡ್ತಿ ಇಬ್ಬರಿಗೂ ತಲಿ ಕೆಟ್ಟೈತೇನ?" ಶಿದ್ಲಿಂಗಪ್ಪನ ತಾಳ್ಮೆ ಮುಗಿಯಿತು. "ಹದಿನೇಳ ವರ್ಷ ಇಂಥಾವಕ್ಕ ಹೊಡದೀನಿ. ಸಾವಿರ ಇರಬೇಕು, ಎರಡ ಸಾವಿರ ಇರಬೇಕು. ಒಬ್ಬನಿಗೂ ಏನೂ ಆಗಿಲ್ಲ!"

"ಅವು ಯಾರವ ಇದ್ದೂರಿ?" ಎಂದು ಮೈಲಾರವ್ವ ಕೇಳಿದಳು.

"ಯಾರಿಗ್ಗೊತ್ತ?"

"ಯಾರವಂತ ಗೊತ್ತಿಲ್ಲ. ಮತ್ತ ಏನೂ ಆಗಿಲ್ಲಂತ ಹೆಂಗ ಗೊತ್ತಾತ್ರಿ?"

ಮಾತಿನಲ್ಲಿ ಗೆಲ್ಲಬೇಕೆಂದು ಕೇಳಿದ್ದಲ್ಲ; ತಿಳಿಯದೆ ಕೇಳಿದ್ದು. ಆಮೇಲೆ ಬುಟ್ಟಿ ಇಳಿಸಿ, ಸೆರಗಿನ ತುದಿಯಿಂದ ಹಲಗೆಯ ಎದೆಯನ್ನು ಒರೆಸತೊಡಗಿದಳು. ಎಣ್ಣೆಯ ಮಸಿ ಹೋಗಲಿಲ್ಲ, ಇನ್ನಷ್ಟು ಹರಡಿತು. ಹುಚ್ಚಪ್ಪ ಪಕ್ಕದಲ್ಲಿ ಕುಳಿತು ಹಲಗೆಯ ಮೊಳೆ ಕೀಳತೊಡಗಿದ.

ಶಿದ್ಲಿಂಗಪ್ಪ ಅದನ್ನೇ ನೋಡುತ್ತ ನಿಂತ.

"ಲೇ ಹನಮಂತ," ಎಂದ. "ಪಲ್ಟಣದಾಗಿನ ಹಲಗಿಗೆಲ್ಲ ಯಾರ ಮಕ್ಕೊಂಡಿದ್ರೋ?"

ಹನಮಂತಪ್ಪನ ನಗು ಆಗಲೇ ನಿಂತಿತ್ತು.

"ಕೇಳಬೇಕಂತ ಅನಸಿದ್ದೇ ಇಲ್ಲಲೇ."