ಮೂಡಣ ಕಡಲಿಗೂ ಒಮ್ಮೆ

"ಇಲ್ಲಿ ಮೂರು ದಿನ ಗಾಳ ಹಾಕೋಣ. ಆಮೇಲೆ ರೈಲು ಹತ್ತಿ ಪುದುಚೇರಿಗೆ. ಅಲ್ಲೂ ನೀವೇ ಜೊತೆಗಿರಬೇಕು," ಎಂದರು ಆ ಹೆಂಗಸು.

ಪ್ರವಾಸಿಗಳನ್ನು ಮೀನು ಹಿಡಿಯಲು ಕರೆದೊಯ್ಯುವುದೇ ಜಟ್ಟಪ್ಪನ ಕಸುಬು. ಆದರೂ ಪುದುಚೇರಿ ಎಂದದ್ದಕ್ಕೆ ಅವನು ಹಿಂಜರಿದ.

ಪಾರ್ಶ್ವವಾಯು ಬಡಿದ ಮೇಲೆ ಆಕೆಯ ಗಂಡನಿಗೆ ಮಾತು ನಿಂತುಹೋಗಿತ್ತು. ಗಾಳಕ್ಕೆ ಮೀನು ಸಿಕ್ಕಾಗ ಮಾತ್ರ ಆ ಮುಖ ಅರಳುತ್ತಿತ್ತು. ಅದಕ್ಕೆಂದೇ ಪ್ರತಿವರ್ಷ ಬರುತ್ತಿದ್ದರು, ಒಮ್ಮೆಯೂ ಬರಿಗೈಯಲ್ಲಿ ಹೋದವರಲ್ಲ. ಹೋಗುವುದಾದರೂ ಹೇಗೆ? ಜಟ್ಟಪ್ಪನ ಭಾವಮೈದ, ಚಿಪ್ಪು ತೆಗೆಯಲು ಕಡಲಲ್ಲಿ ಮುಳುಗುವವನು, ಬಂಡೆಯ ಮರೆಯಲ್ಲಿ ನೀರಿಗಿಳಿದು, ಜೀವಂತ ಮೀನೊಂದನ್ನು ಅವರ ಗಾಳಕ್ಕೆ ಸಿಕ್ಕಿಸಿ ಬರುತ್ತಿದ್ದ.

"ಆ ಬದಿ ಸಮುದ್ರ ನಂಗೆ ಗುರ್ತಿಲ್ಲ ಅಮ್ಮ. ಮೀನು ಸಿಕ್ಕದೇ ಹೋದ್ರೆ?"

"ಹಾಗನ್ನಬೇಡಿ. ಅವರು ಚಿಕ್ಕವರಿದ್ದಾಗ ಅಪ್ಪನ ಜೊತೆ ಮೊದಲ ಸಲ ಗಾಳ ಹಾಕಿದ್ದು ಅಲ್ಲಿ. ಅಲ್ಲೊಂದು ಮೀನು ಹಿಡೀಲೇಬೇಕು. ಮುಂದಿನ ವರ್ಷಕ್ಕೆ ಇಟ್ಕೋಬೇಡಿ ಅಂದಿದ್ದಾರೆ ಡಾಕ್ಟ್ರು."

"ಅಲ್ಲಿಯವ್ರೇ ಯಾರಾದ್ರೂ ಇರ್ತಾರೆ. ಅವ್ರನ್ನ ಕರ್ಕಂಡು ಹೋಗಿ."

"ಅವರನ್ನ ಹೇಗೆ ನಂಬಲಿ? ನಿಮ್ಮ ಜೊತೆ ಹೋದಾಗ ಒಂದ್ಸಲವೂ ತಪ್ಪಿಲ್ಲ."

ಜಟ್ಟಪ್ಪ ಬಾಗಿಲಾಚೆ ನೋಡಿದ. ಹೊರಗೆ ಗಾಲಿಕುರ್ಚಿಯಲ್ಲಿ ಕುಳಿತ ಆ ಮನುಷ್ಯ ಮಡಿಲಲ್ಲಿ ಗಾಳದ ಕೋಲಿಟ್ಟುಕೊಂಡು ಕಡಲನ್ನೇ ನೋಡುತ್ತಿದ್ದರು.

"ನನ್ನ ಕೈಲಿ ಆಗೂದಿಲ್ಲ ಅಮ್ಮ. ತಪ್ಪು ತಿಳೀಬೇಡಿ."

ಆಕೆ ಎದ್ದು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ, ದನಿ ತಗ್ಗಿಸಿದರು.

"ನಿಮ್ಮ ಭಾವಮೈದನಿಗೂ ಟಿಕೆಟ್ ಮಾಡಿಸಿದ್ದೇನೆ. ಬೇರೆ ಬೋಗಿಯಲ್ಲಿ."